ದೀಪ ಆರಿಸಿದರೆ ಎಷ್ಟು ಉಳಿತಾಯ, ಗೀಸರ್ ಆರಿಸಿದರೆ ಎಷ್ಟು?

ಮಾರ್ಚ್ ಕೊನೆಗೆ ಒಂದು ಶನಿವಾರ ರಾತ್ರಿ 8.30ರಿಂದ 9.30ರವರೆಗೆ ದೀಪ ಆರಿಸುವ ‘ಅರ್ಥ್ ಅವರ್’ 2007ರಲ್ಲಿ ಸಿಡ್ನಿಯಲ್ಲಿ ಶುರುವಾಯಿತು. ನಮ್ಮ ಕರಾವಳಿಯಲ್ಲೂ ಅದನ್ನು ಶ್ರದ್ಧೆಯಿಂದ ಆಚರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 9 ವಾಟ್‌ನ ಆರು ಎಲ್‌ಇಡಿ ಬಲ್ಬುಗಳನ್ನು ಒಂದು ಗಂಟೆ ಆರಿಸಿದರೆ ಉಳಿಯುವುದು 0.054 ಯೂನಿಟ್. ಅದೇ ಮನೆಯ 25 ಲೀಟರ್ ಗೀಸರ್ 27 ಡಿಗ್ರಿಯ ನೀರನ್ನು ಒಂದು ಸಲ 60 ಡಿಗ್ರಿಗೆ ಕಾಯಿಸಲು ಹತ್ತಿರ ಹತ್ತಿರ ಒಂದು ಯೂನಿಟ್ ತೆಗೆದುಕೊಳ್ಳುತ್ತದೆ. ಒಂದು ಬೆಳಗಿನ ಬಿಸಿನೀರು ಹದಿನೆಂಟು ವರ್ಷಗಳ ಅರ್ಥ್ ಅವರ್‌ಗೆ ಸಮ.

ದೀಪ ಆರಿಸುವುದು ತಪ್ಪಲ್ಲ, ಮಕ್ಕಳಿಗೆ ವಿಷಯ ತಿಳಿಸಲು ಅದೊಂದು ದಾರಿ. ಆದರೆ ಪಡುಬಿದ್ರಿ ಬಳಿಯ ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದಂಥ ಕಡೆ ಒಂದು ಗಂಟೆಗೆಂದು ಬಾಯ್ಲರ್ ಆರಿಸಿ ಮತ್ತೆ ಹೊತ್ತಿಸಲು ಆಗುವುದಿಲ್ಲ. 2020ರ ಏಪ್ರಿಲ್ 5ರಂದು ದೇಶವಿಡೀ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿಯಿತು. ಆ ಏರಿಳಿತವನ್ನು ಮುಖ್ಯವಾಗಿ ಜಲವಿದ್ಯುತ್ ಘಟಕಗಳೇ ನಿಭಾಯಿಸಿದವು. ಕಲ್ಲಿದ್ದಲು ಉರಿಯುವುದು ಕಡಿಮೆಯಾಗಬೇಕಾದರೆ ಬಳಕೆ ದಿನವೂ ಇಳಿಯಬೇಕು. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್ ಉಳಿದರೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ.

ಮೊದಲು ಮೀಟರ್ ಮುಂದೆ ನಿಲ್ಲಿ

ಮೆಸ್ಕಾಂ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರ್ ಮೇಲೆಯೇ ಬರೆದಿರುತ್ತದೆ. 3,200 ಎಂದಿರುವುದು ಸಾಮಾನ್ಯ. 60,000ವನ್ನು ಆ ಸಂಖ್ಯೆಯಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮಿನುಗು ಎಂಬುದರಿಂದ ಗುಣಿಸಿದರೆ ಆ ಕ್ಷಣದ ಬಳಕೆ ವಾಟ್‌ನಲ್ಲಿ ಸಿಗುತ್ತದೆ. 3,200ರ ಮೀಟರಿನಲ್ಲಿ ನಿಮಿಷಕ್ಕೆ ಒಂದು ಮಿನುಗು ಅಂದರೆ ಸುಮಾರು 19 ವಾಟ್. 2,000 ವಾಟ್‌ನ ಗೀಸರ್ ಹಾಕಿ ನೋಡಿ, ನಿಮಿಷಕ್ಕೆ ನೂರು ದಾಟುತ್ತದೆ.

ಆಮೇಲೆ ಫ್ರಿಜ್ ಸಮೇತ ಮನೆಯ ಎಲ್ಲ ಸ್ವಿಚ್ ಆರಿಸಿ, ಮೇನ್ ಮಾತ್ರ ಆನ್ ಇಟ್ಟು ಐದು ನಿಮಿಷ ಕಾಯಿರಿ. ಆಗಲೂ ದೀಪ ಮಿನುಗಿದರೆ ಎಲ್ಲೋ ಒಂದು ಉಪಕರಣ ಉಳಿದುಕೊಂಡಿದೆ: ಇನ್ವರ್ಟರ್, ಕಾಲಿಂಗ್ ಬೆಲ್, ಮಹಡಿಯ ಸೆಟ್‌ಟಾಪ್ ಬಾಕ್ಸ್. ಇದ್ಯಾವುದೂ ಅಲ್ಲವಾದರೆ ಸೋರಿಕೆ. ಆಷಾಢದಲ್ಲಿ ಗೋಡೆ ನೀರು ಕುಡಿದು ಹಳೆಯ ವೈರಿಂಗ್‌ನಿಂದ ಕರೆಂಟ್ ಸೋರುವುದು ನಮ್ಮಲ್ಲಿ ಅಪರೂಪವಲ್ಲ. ಅದು ಬಿಲ್ಲಿನ ಪ್ರಶ್ನೆಗಿಂತ ಜೀವದ ಪ್ರಶ್ನೆ. ಎಲೆಕ್ಟ್ರಿಷಿಯನ್ ಬಂದು ನೋಡಲೇಬೇಕು.

ಸೆಟ್‌ಟಾಪ್ ಬಾಕ್ಸ್ ಮಾತು ಬಂತು. ರಿಮೋಟ್‌ನಲ್ಲಿ ಆರಿಸಿದರೂ 10 ವಾಟ್ ಎಳೆಯುತ್ತಲೇ ಇರುವ ಪೆಟ್ಟಿಗೆ ತಿಂಗಳಿಗೆ ಏಳು ಯೂನಿಟ್ ತಿನ್ನುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿ.

ಬಿಸಿನೀರು

ಗೀಸರ್ ಥರ್ಮೋಸ್ಟಾಟನ್ನು 50 ಡಿಗ್ರಿಗೆ ಇಳಿಸಿ. 40 ಡಿಗ್ರಿಯ 20 ಲೀಟರ್ ಬಕೆಟ್ ಸ್ನಾನಕ್ಕೆ ಬೇಕಾಗುವುದು 0.3 ಯೂನಿಟ್ ಮಾತ್ರ. ಒಬ್ಬರ ಸ್ನಾನಕ್ಕೆ 25 ಲೀಟರನ್ನು ಕುದಿಬಿಸಿ ಮಾಡಿದರೆ ಉಳಿದ ಶಾಖ ಟ್ಯಾಂಕಿನೊಳಗೇ ಆರಿಹೋಗುತ್ತದೆ. 15 ಲೀಟರ್ ನೀರು 27ರಿಂದ 50 ಡಿಗ್ರಿಗೆ ಏರಲು 2,000 ವಾಟ್‌ನಲ್ಲಿ ಹನ್ನೆರಡು ನಿಮಿಷ ಸಾಕು. ಆದ್ದರಿಂದ ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಮುಗಿಸಿ. ಹಿತ್ತಿಲಲ್ಲಿ ತೆಂಗು ಇದ್ದವರಿಗೆ ಬಚ್ಚಲ ಹಂಡೆಗಿಂತ ಒಳ್ಳೆಯದಿಲ್ಲ; ಮಡಲು, ಗೆರಟೆ ಹೇಗೂ ಬಿದ್ದಿರುತ್ತವೆ. ಸೋಲಾರ್ ಹೀಟರ್ ಇದ್ದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬುವಂತಿಲ್ಲ. ಅದರ ಬ್ಯಾಕಪ್ ಕಾಯಿಲನ್ನು ದಿನವಿಡೀ ಆನ್ ಬಿಟ್ಟರೆ ನೂರಿನ್ನೂರು ಲೀಟರನ್ನು ಕರೆಂಟಿನಲ್ಲೇ ಕಾಯಿಸಿದಂತೆ. ಮಳೆಗಾಲಕ್ಕೆ ಚಿಕ್ಕ ಗೀಸರೇ ಲೇಸು.

ಕುಚ್ಚಲಕ್ಕಿ ಅನ್ನ

ಗ್ಯಾಸ್ ಅತಿ ಹೆಚ್ಚು ಹೋಗುವುದು ಇಲ್ಲೇ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಲು ಮುಕ್ಕಾಲರಿಂದ ಒಂದು ಗಂಟೆ ಉರಿ ಬೇಕು. ಆದರೆ ಅಕ್ಕಿಗೆ ಬೇಕಿರುವುದು ಬಿಸಿ, ಉರಿಯಲ್ಲ. ಒಮ್ಮೆ ಕುದಿ ಬಂದ ಮೇಲೆ ಆ ಬಿಸಿ ಹೊರಹೋಗದಂತೆ ತಡೆದರೆ ಸಾಕು. ಮಂಗಳೂರಿನ ಪಾತ್ರೆ ಅಂಗಡಿಗಳಲ್ಲಿ ಸಿಗುವ ಥರ್ಮಲ್ ಕುಕ್ಕರ್, ಅಂದರೆ ಬಿಸಿ ಹಿಡಿದಿಡುವ ಪೆಟ್ಟಿಗೆ, ಮಾಡುವುದು ಇದನ್ನೇ.

ಅಕ್ಕಿ ತೊಳೆದು ಒಂದು ಗಂಟೆ ನೆನೆಸಿ. ಒಂದು ಕುಡ್ತೆ ಅಕ್ಕಿಗೆ ಐದು ಕುಡ್ತೆ ನೀರಿಟ್ಟು, ಮುಚ್ಚಳ ಹಾಕಿ ಕುದಿಸಿ. ಚೆನ್ನಾಗಿ ಮರಳಲು ಶುರುವಾದ ಮೇಲೆ ಹತ್ತು ನಿಮಿಷ ಉರಿಯಲ್ಲಿಟ್ಟು, ತಡಮಾಡದೆ ಪೆಟ್ಟಿಗೆಗೆ ಇಳಿಸಿ ಬಿಗಿಯಾಗಿ ಮುಚ್ಚಿ. ಒಂದರಿಂದ ಒಂದೂವರೆ ಗಂಟೆಯಲ್ಲಿ ಅನ್ನ ಅರಳಿರುತ್ತದೆ, ತಿಳಿ ಬಸಿಯಿರಿ.

ಅಕ್ಕಿ ಗಟ್ಟಿ ಉಳಿಯಿತೇ? ಕಾರಣ ಮೂರರಲ್ಲೊಂದು. ಒಂದು ಕಿಲೋ ಹಿಡಿಯುವ ಪೆಟ್ಟಿಗೆಯಲ್ಲಿ ಕಾಲು ಕಿಲೋ ಇಟ್ಟರೆ ಖಾಲಿ ಜಾಗ ಬಿಸಿಯನ್ನು ಎಳೆದುಬಿಡುತ್ತದೆ, ಹಾಗಾಗಿ ಮನೆಯ ಅಳತೆಗೆ ತಕ್ಕ ಪೆಟ್ಟಿಗೆಯನ್ನೇ ಕೊಳ್ಳಿ. ಬೆಂದಿತೋ ನೋಡಲು ನಡುವೆ ಮುಚ್ಚಳ ತೆರೆದರೆ ಹೋದ ಆವಿ ಮರಳಿ ಬಾರದು. ಇಲ್ಲವೇ, ನೊರೆ ಬಂದದ್ದನ್ನೇ ಕುದಿ ಎಂದುಕೊಂಡು ಬೇಗ ಇಳಿಸಿರುತ್ತೀರಿ. ಇನ್ನು ರಾತ್ರಿಯಿಡೀ ಪೆಟ್ಟಿಗೆಯಲ್ಲೇ ಬಿಡಬೇಡಿ, ಉಗುರುಬೆಚ್ಚಗಾದ ಅನ್ನ ಬೇಗ ಹಳಸುತ್ತದೆ.

ಬಾವಿ ಪಂಪ್

ಒಂದು ಎಚ್‌ಪಿ ಪಂಪ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಟ್ಯಾಂಕ್ ತುಂಬಿ ಇಪ್ಪತ್ತು ನಿಮಿಷ ಹೊರಚೆಲ್ಲಿದರೆ ಆರು ವರ್ಷಗಳ ಅರ್ಥ್ ಅವರ್ ಅಂಗಳದಲ್ಲಿ ಹರಿದುಹೋಯಿತು. ಫ್ಲೋಟ್ ಸ್ವಿಚ್ ಹಾಕಿಸಿ. ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕೆಂದು ಪ್ರತಿ ತಿಂಗಳು ಬರೆದಿಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಹೊತ್ತು ಹೆಚ್ಚು ಹಿಡಿಯುವುದು ಸಹಜ. ಆದರೆ ಬಾವಿ ತುಂಬಿದ್ದಾಗಲೂ ತಡವಾಗುತ್ತಿದ್ದರೆ, ಪ್ರತಿಸಲ ನೀರು ಹೊಯ್ದು ಪಂಪ್ ಎಬ್ಬಿಸಬೇಕಾಗಿದ್ದರೆ, ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ವಾಷರ್ ಹೋಗಿದೆ. ನೀರಿನ ಮಟ್ಟ ಪಂಪಿನಿಂದ ಏಳು ಮೀಟರಿಗಿಂತ ಕೆಳಗಿಳಿದರೆ ಮೇಲೆ ಕೂರಿಸಿದ ಮೊನೊಬ್ಲಾಕ್ ಪಂಪ್ ಬರೀ ಗಾಳಿ ಎಳೆಯುತ್ತಾ ಬಿಸಿಯಾಗುತ್ತದೆ.

ಸೆಕೆಗೆ

ಹಳೆಯ ಸೀಲಿಂಗ್ ಫ್ಯಾನ್ 75 ವಾಟ್, ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯುತ್ತದೆ. ಹೊಸ ಫ್ಯಾನ್ ಹಾಕುವಾಗ ಹಳೆಯ ರೆಗ್ಯುಲೇಟರ್ ತೆಗೆಸಿ ನೇರ ಸಂಪರ್ಕ ಕೊಡಿಸಿ. ರೆಗ್ಯುಲೇಟರ್ ನಡುವೆ ಇದ್ದರೆ ಒಳಗಿನ ಸರ್ಕ್ಯೂಟ್ ಹಾಳಾಗಬಹುದು. ಗುಡುಗು ಕೇಳಿದ ಕೂಡಲೇ ಸ್ವಿಚ್ ಆರಿಸಿ, ಸಿಡಿಲಿನ ವೋಲ್ಟೇಜಿಗೆ ಈ ಬೋರ್ಡುಗಳು ತಾಳುವುದಿಲ್ಲ.

ಎಸಿ ಇದ್ದರೆ 26 ಡಿಗ್ರಿಗಿಟ್ಟು ಜೊತೆಗೆ ಫ್ಯಾನ್ ನಿಧಾನಕ್ಕೆ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. ನಮ್ಮಲ್ಲಿ ಕಾಡುವುದು ಬಿಸಿಗಿಂತ ಗಾಳಿಯ ತೇವ, ಮಳೆಗಾಲದ ರಾತ್ರಿಗಳಿಗೆ ಡ್ರೈ ಮೋಡ್ ಸಾಕು. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡಲ ಬದಿಯವರು ಹೊರಗಿನ ಘಟಕವನ್ನು ವರ್ಷಕ್ಕೆರಡು ಸಲ ಸಿಹಿನೀರಿನಲ್ಲಿ ತೊಳೆಸಬೇಕು. ಉಪ್ಪುಗಾಳಿ ಅದರ ರೆಕ್ಕೆಗಳನ್ನು ತಿಂದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ.

ಫ್ರಿಜ್ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲಂಚಿನ ರಬ್ಬರ್ ಗ್ಯಾಸ್ಕೆಟ್ ಬದಲಿಸಿ.

ಬಿಲ್ ಓದುವಾಗ

ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ, 200 ದಾಟಿದರೆ ಪೂರ್ತಿ ಬಿಲ್ಲಿಗೆ ಹಣ ಕಟ್ಟಬೇಕು. ಗಡಿಯ ಹತ್ತಿರ ಇರುವವರಿಗೆ ಹತ್ತು ಯೂನಿಟ್ ಉಳಿದರೂ ದೊಡ್ಡದು. ಬದಲಾವಣೆ ಮಾಡಿದ ಮೇಲೆ ಹಿಂದಿನ ತಿಂಗಳ ಬಿಲ್ಲಿನ ಜೊತೆ ಹೋಲಿಸಬೇಡಿ. ಮೇ ಸೆಕೆಗೂ ಜೂನ್ ಮಳೆಗೂ ತಾಳೆಯಾಗದು. ಕಳೆದ ವರ್ಷದ ಅದೇ ತಿಂಗಳ ಬಿಲ್ ತೆಗೆದು, ಎರಡರಲ್ಲೂ ಯೂನಿಟ್‌ಗಳನ್ನು ರೀಡಿಂಗ್ ನಡುವಿನ ದಿನಗಳಿಂದ ಭಾಗಿಸಿ ನೋಡಿ. ಒಂದು ತಿಂಗಳು 28 ದಿನಕ್ಕೆ, ಇನ್ನೊಂದು ತಿಂಗಳು 33 ದಿನಕ್ಕೆ ರೀಡಿಂಗ್ ಆಗಿದ್ದರೆ ಬರೀ ಯೂನಿಟ್ ನೋಡಿ ಏನೂ ತಿಳಿಯುವುದಿಲ್ಲ.