ಬದು, ಕೋಡಿ ಮತ್ತು ಸಂಘದ ಸದಸ್ಯತ್ವ: ನನ್ನ ಅನುಭವ

ಹಿರಿಯೂರಿನ ಕಪ್ಪು ಎರೆ ಹೊಲಕ್ಕೂ ಹೊಳಲ್ಕೆರೆಯ ಕೆಂಪು ಮಣ್ಣಿಗೂ ಒಂದೇ ಬದುವಿನ ನಕ್ಷೆ ಆಗಿಬರುವುದಿಲ್ಲ. ಮಣ್ಣು ಸಂರಕ್ಷಣೆ ಓದಿದ ಎಲ್ಲರಿಗೂ ಇದು ಗೊತ್ತು. ಆದರೆ ಮಾರ್ಚ್ ಒಳಗೆ ಹಣ ಖರ್ಚಾಗಬೇಕು ಎಂದು ಅಂದಾಜುಪಟ್ಟಿ ಮೇಜಿನ ಮೇಲೆ ಬಂದು ಕೂತಾಗ, ಗೊತ್ತಿದ್ದದ್ದನ್ನು ಗಟ್ಟಿಯಾಗಿ ಹೇಳಲು ಕಿರಿಯ ಎಂಜಿನಿಯರನಿಗೆ ಒಂದು ಆಸರೆ ಬೇಕು. ಚಿತ್ರದುರ್ಗ ಜಿಲ್ಲೆಯ ಜಲಾನಯನ ಕೆಲಸಗಳಲ್ಲಿ ಮಣ್ಣು-ಜಲ ಸಂರಕ್ಷಣೆಯವರ ವೃತ್ತಿಪರ ಸಂಘದಿಂದ ನನಗೆ ಸಿಕ್ಕಿದ್ದು ಮುಖ್ಯವಾಗಿ ಆ ಆಸರೆಯೇ.

ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರಕ್ಕೆ ತರಬೇತಿಗೆ ಹೋದಾಗ ಅಲ್ಲಿನ ಹಿರಿಯರೊಬ್ಬರು, "ತರಬೇತಿ ಮುಗಿದ ಮೇಲೂ ಓದ್ತಾ ಇರ್ಬೇಕು ಅಂದ್ರೆ ಸಂಘದ ಸದಸ್ಯ ಆಗಪ್ಪ" ಅಂದರು. ಆದೆ. ಮೊದಮೊದಲು ಅಂಚೆಯಲ್ಲಿ ಬರುತ್ತಿದ್ದ ಸಂಘದ ಪತ್ರಿಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಪತ್ರಿಕೆಯ ಬೆಲೆ ಮಾತ್ರ ನಿಧಾನಕ್ಕೆ ತಿಳಿಯಿತು. ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16.4 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂಬ ಅಂಕಿಯನ್ನು ಯಾವ ವೇದಿಕೆಯಲ್ಲಿ ಕೇಳಿಲ್ಲ ಹೇಳಿ. ಅದು ವಿಜ್ಞಾನಿಗಳಾದ ಧ್ರುವನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನದ್ದು ಎಂದು ನನಗೆ ಗೊತ್ತಾದದ್ದು ನಮ್ಮ ಸಂಘದ ಪತ್ರಿಕೆಯಿಂದ. ಭಾಷಣ ಮಾಡುವವರು ಮೂಲ ಓದಿರುವುದಿಲ್ಲ, ಅದು ಬೇರೆ ಮಾತು.

ಹಿರಿಯೂರು ಕಡೆಯ ಒಂದು ಕಿರು ಜಲಾನಯನಕ್ಕೆ ಬಂದ ಅಂದಾಜುಪಟ್ಟಿಯಲ್ಲಿ ಉದ್ದಕ್ಕೂ ಸಮಪಾತಳಿ ಬದುವೇ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಬದುವೇ, ಇತ್ತು. ಎರೆ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟು, ಮುಂಗಾರಿನ ಮೊದಲ ಜೋರು ಮಳೆಗೆ ಆ ಬಿರುಕಿನಲ್ಲೇ ನೀರು ನುಗ್ಗಿ ಒಡೆಯುತ್ತದೆ. ಇಲ್ಲಿ ಬೇಕಾದದ್ದು 100 ಮೀಟರಿಗೆ 20ರಿಂದ 40 ಸೆಂಟಿಮೀಟರ್ ಇಳಿಜಾರು ಕೊಟ್ಟ ಬದು, ಅದರ ತುದಿಗೆ ಹುಲ್ಲು ಬೆಳೆಸಿದ ನೀರುದಾರಿ. ಇದನ್ನೇ ನಾನು ಬಾಯಲ್ಲಿ ಹೇಳಿದ್ದರೆ "ನೀನು ನಿನ್ನೆ ಬಂದವನು" ಅನ್ನುತ್ತಿದ್ದರು. ಪತ್ರಿಕೆಯ ಹಳೆಯ ಸಂಚಿಕೆಗಳ ಜೆರಾಕ್ಸ್ ಇಟ್ಟೆ. ಮೇಲಿನವರು ಓದಿದರು, ಎರಡು ಪ್ರಶ್ನೆ ಕೇಳಿದರು, ನಕ್ಷೆ ಬದಲಾಯಿತು.

ಹೊಳಲ್ಕೆರೆಯ ಕೆಂಪು ಮಣ್ಣಿನಲ್ಲಿ ತಕರಾರು ಬಂದದ್ದು ಕಚೇರಿಯಿಂದಲ್ಲ, ರೈತರಿಂದ. ಶೇಕಡಾ 3ರ ಇಳಿಜಾರಿಗೆ ಪುಸ್ತಕದ ಸೂತ್ರ ಹಾಕಿದರೆ ಬದುವಿನಿಂದ ಬದುವಿಗೆ 90 ಸೆಂಟಿಮೀಟರ್ ಇಳಿತ, ಅಂದರೆ ನೆಲದ ಮೇಲೆ 30 ಮೀಟರ್ ಅಂತರ. ಲೆಕ್ಕವೇನೋ ಸರಿ. ಆದರೆ ಅಣ್ಣತಮ್ಮಂದಿರ ಪಾಲಾಗಿ ಪಟ್ಟಿಪಟ್ಟಿಯಾದ ಹೊಲದಲ್ಲಿ ಆ ಗೆರೆ ನಾಲ್ಕು ಜನರ ಹೊಲ ದಾಟುತ್ತದೆ. "ಅಲ್ರೀ ಸಾರ್, ಹೊಲದ ನಡುವೆ ಹಾವಿನಂಗೆ ಬದು ಎಳೆದ್ರೆ ಕುಂಟೆ ಎಲ್ಲಿ ಹೊಡೀಲಿ?" ಎಂದು ಒಬ್ಬ ಅಜ್ಜ ಕೇಳಿದರು. ಸಂಘದ ಗೆಳೆಯರ ಜೊತೆ ಕೂತು ಚರ್ಚಿಸಿದಾಗ ಬೇರೆ ಜಿಲ್ಲೆಗಳವರೂ ಇದೇ ಮಾತು ಕೇಳಿದ್ದರು. ಸರಹದ್ದಿನ ಬದುವನ್ನೇ ಬಲಪಡಿಸಿ, ತಗ್ಗಿನ ಮೂಲೆಗೆ ಕಲ್ಲಿನ ಕೋಡಿ ಕೊಟ್ಟು, ಒಳಗೆ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿಸುವುದು ಎಂದು ತೀರ್ಮಾನವಾಯಿತು. ಪುಸ್ತಕದ ಬದು ಇದಲ್ಲ. ಆದರೆ ರೈತ ಕಿತ್ತುಹಾಕದ ಬದು ಇದು.

ಆಮೇಲೆ ಚಿತ್ರದುರ್ಗ, ದಾವಣಗೆರೆಯ ಕೆಲವು ಸದಸ್ಯರು ಸೇರಿ ಸಭಾಂಗಣ ಬಿಟ್ಟು ಹೊಲದಲ್ಲೇ ಸೇರಲು ಶುರುಮಾಡಿದೆವು: ಕೃಷಿ, ಅರಣ್ಯ, ಸ್ವಯಂಸೇವಾ ಸಂಸ್ಥೆಯವರು, ಒಬ್ಬಿಬ್ಬರು ನಿವೃತ್ತ ಮೇಷ್ಟ್ರು. ಹಾರ ಇಲ್ಲ, ಶಾಲು ಇಲ್ಲ. ಒಳ್ಳೆ ಮಳೆ ಬಿದ್ದ ಮಾರನೇ ದಿನ ಕೆಲಸ ನೋಡಬೇಕು, ಅದೂ ಮೊದಲು ಕೋಡಿ. ಕೋಡಿಯ ಮೇಲಂಚು ನೆಲದಿಂದ ಸಾಮಾನ್ಯವಾಗಿ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಮೇಸ್ತ್ರಿ ಕೈತಪ್ಪಿ ಎತ್ತರಿಸಿದರೆ ನೀರು ಬದುವಿನ ಮೇಲೆಯೇ ಹಾರುತ್ತದೆ. ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಅಂದರೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್ ನೀರು. ಕೋಡಿ ಸರಿಯಿಲ್ಲದಿದ್ದರೆ ಅದು ತನ್ನ ದಾರಿ ತಾನೇ ಕೊರೆದುಕೊಳ್ಳುತ್ತದೆ. ನೋಡಿದ್ದನ್ನು ಎರಡು ಪುಟದಲ್ಲಿ ಕನ್ನಡದಲ್ಲೇ ಬರೆದು ಹಂಚುತ್ತೇವೆ. ಮೂರು ಕೋಲು, ಒಂದು ದಾರ, ಒಂದು ಕಲ್ಲಿನಲ್ಲಿ ಇಂಗ್ಲಿಷಿನ A ಆಕಾರದ ಚೌಕಟ್ಟು ಕಟ್ಟಿ ಸಮಪಾತಳಿ ಗುರುತಿಸುವ ಹಾಳೆಯೇ ಎಲ್ಲಕ್ಕಿಂತ ಹೆಚ್ಚು ಕೈ ಬದಲಾಯಿಸಿದ್ದು.

ದೊಡ್ಡ ಸಮ್ಮೇಳನಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಬಡ್ತಿಯ ಅಂಕಕ್ಕಾಗಿ ಓದುವ ಪ್ರಬಂಧಗಳೇ ಹೆಚ್ಚು, ರೈತರಿಗೆ ಕುರ್ಚಿ ಸಿಗುವುದು ಉದ್ಘಾಟನೆಯ ಹೊತ್ತಿಗೆ ಮಾತ್ರ.

ಆದರೂ ಇಲಾಖೆಯೊಳಗೆ ಎತ್ತಲಾಗದ ಪ್ರಶ್ನೆ ಎತ್ತಲು ಸಂಘವೇ ಜಾಗ. ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೇಲ್ಭಾಗದ ಹಳ್ಳಗಳಲ್ಲಿ ನಾವು ಕಟ್ಟಿದ ಚೆಕ್ ಡ್ಯಾಂಗಳು ಅದರ ಪಾಲಿನ ನೀರನ್ನು ತಿನ್ನುತ್ತವೆಯೇ, ಇಲ್ಲ ಹೂಳನ್ನು ತಡೆದು ಅದಕ್ಕೇ ಉಪಕಾರ ಮಾಡುತ್ತವೆಯೇ? ಹೊಸದುರ್ಗ ಕಡೆಯ ಸದಸ್ಯರದು ಒಂದು ವಾದ, ಹಿರಿಯೂರಿನ ಅಚ್ಚುಕಟ್ಟಿನವರದು ಇನ್ನೊಂದು. ಹೋದ ಸಭೆಯಲ್ಲಿ ಮಾತು ಬಿಸಿಯಾಯಿತು. ಒಂದು ಹಳ್ಳ ಆರಿಸಿ, ಚೆಕ್ ಡ್ಯಾಂಗಳ ಮೇಲೊಂದು ಕೆಳಗೊಂದು ಅಳತೆಗೋಲು ನೆಟ್ಟು, ಪಕ್ಕದ ಶಾಲೆಯಲ್ಲಿ ಮಳೆಮಾಪಕ ಇಡುವುದೆಂದು ಕೊನೆಗೆ ಒಪ್ಪಿದ್ದೇವೆ. ದಿನವೂ ಯಾರು ಬರೆದಿಡಬೇಕು ಎಂಬ ಜಗಳ ಇನ್ನೂ ಬಗೆಹರಿದಿಲ್ಲ.