ಇಡ್ಲಿ ಬಾಯ್ಲರ್ ಮತ್ತು ಬ್ಲೀಡರ್ ಕುದುರೆಗಳು: ನನ್ನ ಅನುಭವ

ಓಡಿದಾಗ ಶ್ವಾಸಕೋಶದಿಂದ ರಕ್ತ ಬರುವ ರೇಸ್ ಕುದುರೆಗೆ ಬ್ಲೀಡರ್ ಎನ್ನುತ್ತಾರೆ. ಬ್ಲೀಡರ್ ಎಂದರೆ ಇಂಜೆಕ್ಷನ್, ಇಂಜೆಕ್ಷನ್ ಕೆಲಸ ಮಾಡದಿದ್ದರೆ ಮಾರಾಟ. ಬೆಂಗಳೂರಿನ ಲಾಯಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ ಇದು. ದೂಳು, ಬೂಷ್ಟು ಕಡಿಮೆಯಾಗಲೆಂದು ಹುಲ್ಲಿಗೆ ಹಬೆ ಕೊಡುತ್ತೇನೆ ಎಂದಾಗ 'ಚಟ್ನಿ, ಸಾಂಬಾರೂ ಕೊಡಿ' ಎಂದು ನಕ್ಕರು. ಮೂರು ಸೀಸನ್ ಕಳೆದ ಮೇಲೆ, ನಕ್ಕವರಲ್ಲೇ ಇಬ್ಬರು ಹಬೆ ಡಬ್ಬದ ಅಳತೆ ಬರೆದುಕೊಂಡು ಹೋಗಿದ್ದಾರೆ. ಉಳಿದವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ಒಂದೆರಡು ಆಚೀಚೆ ಇರಬಹುದು.

ಲಾಯದಲ್ಲಿ ಇಪ್ಪತ್ತೆರಡು ಕುದುರೆ. ಶುರುವಿನ ಸೀಸನ್‌ನಲ್ಲಿ ಮೂಗಿನಿಂದಲೇ ರಕ್ತ ಬಂದವು ಐದು. ಕಳೆದ ಸೀಸನ್‌ನಲ್ಲಿ ಒಂದು. ಸ್ಕೋಪ್‌ನಲ್ಲಿ (ಮೂಗಿನಿಂದ ಶ್ವಾಸನಾಳಕ್ಕೆ ಇಳಿಸಿ ನೋಡುವ ಕೊಳವೆ) ಗ್ರೇಡ್ 3, 4 (ಸೊನ್ನೆ ಎಂದರೆ ರಕ್ತವಿಲ್ಲ, 4 ಎಂದರೆ ಅತಿ ಹೆಚ್ಚು) ತೋರಿಸುತ್ತಿದ್ದ ಏಳು ಕುದುರೆಗಳಲ್ಲಿ ಐದು ಈಗ 1ರ ಆಸುಪಾಸಿನಲ್ಲಿವೆ. ಸೊನ್ನೆ ಮಾಡಿದೆ ಎಂದು ಹೇಳಿಕೊಳ್ಳುವವನು ನಾನಲ್ಲ, ಹಾಗೆ ಹೇಳುವವನನ್ನು ನಂಬಲೂಬೇಡಿ. ಪೂರ್ತಿ ವೇಗದಲ್ಲಿ ಓಡುವ ಕುದುರೆಯ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಪಾದರಸದ 100 ಮಿಮೀ ದಾಟುತ್ತದೆ. ಅದನ್ನು ತಾಳಬೇಕಾದ ಲೋಮನಾಳದ ಗೋಡೆ ಈರುಳ್ಳಿ ಪೊರೆಗಿಂತ ತೆಳು. ಒಂದು ಓಟದ ನಂತರ ಸ್ಕೋಪ್ ಹಾಕಿದರೆ ಅರ್ಧದಷ್ಟು ಕುದುರೆಗಳಲ್ಲಿ ರಕ್ತ ಕಾಣುತ್ತದೆ, ಮೂರು ಓಟ ಹಿಂಬಾಲಿಸಿ ನೋಡಿದರೆ ಬಹುತೇಕ ಎಲ್ಲದರಲ್ಲೂ. ಮೆಲ್ಬರ್ನ್‌ನಲ್ಲಿ 744 ಕುದುರೆಗಳನ್ನು ನೋಡಿದ ಅಧ್ಯಯನದಲ್ಲಿ ಗ್ರೇಡ್ 1 ಅಥವಾ ಅದಕ್ಕಿಂತ ಕಡಿಮೆ ಇದ್ದವು ಗೆಲ್ಲುವ ಸಾಧ್ಯತೆ ಉಳಿದವುಗಳಿಗಿಂತ ನಾಲ್ಕು ಪಟ್ಟು ಎಂದು ಬಂತು. ನಮ್ಮ ಗುರಿಯೂ ಅಷ್ಟೇ, 3ನ್ನು 1ಕ್ಕೆ ಇಳಿಸುವುದು.

ಮೊದಲು ಸ್ಕೋಪಿನ ಶಿಸ್ತು. ವೇಗದ ವರ್ಕ್ (ಅಭ್ಯಾಸದ ಓಟ) ಮುಗಿದು 30ರಿಂದ 90 ನಿಮಿಷದೊಳಗೆ ನೋಡಬೇಕು. ನಾವು 45ಕ್ಕೆ ಗಡಿಯಾರ ಇಟ್ಟುಕೊಂಡಿದ್ದೇವೆ. ಒಂದು ವಾರ 40 ನಿಮಿಷಕ್ಕೆ, ಇನ್ನೊಂದು ವಾರ ಎರಡು ಗಂಟೆಗೆ ನೋಡಿ 'ಗ್ರೇಡ್ ಇಳಿಯಿತು' ಎಂದು ಖುಷಿಪಟ್ಟರೆ ಅದು ನಮಗೆ ನಾವೇ ಹಾಕಿಕೊಂಡ ಟೋಪಿ. ರಕ್ತ ಆ ಹೊತ್ತಿಗೆ ಮೇಲೆ ಬಂದು ಕುದುರೆ ನುಂಗಿಯಾಗಿರುತ್ತದೆ. ಸ್ಕೋಪ್‌ಗೆ ಮುಂಚೆ ಹತ್ತು ನಿಮಿಷ ತಲೆ ತಗ್ಗಿಸಿ ನಡೆಸಿ. ಟ್ವಿಚ್ (ಮೇಲ್ದುಟಿ ಹಿಡಿದು ಕುದುರೆಯನ್ನು ನಿಲ್ಲಿಸುವ ಸಾಧನ) ಸಾಕು, ಮತ್ತಿನ ಮದ್ದು ಬೇಡ. ಕೊಳವೆ ಮೂಗಿನ ಕೆಳದಾರಿಯಲ್ಲೇ ಹೋಗಬೇಕು. ಮೇಲಕ್ಕೆ ತಾಗಿ ಎತ್‌ಮಾಯ್ಡ್‌ಗೆ (ಮೂಗಿನ ಹಿಂಭಾಗದ ಸೂಕ್ಷ್ಮ ಮೂಳೆಸುರುಳಿ) ಗೀರಿದರೆ ಅಲ್ಲೇ ರಕ್ತ ಚಿಮ್ಮುತ್ತದೆ, ಆಮೇಲೆ ಅದು ಯಾವ ರಕ್ತ ಎಂದು ಜಗಳ. ಗಂಟಲು ದಾಟಿ ಶ್ವಾಸನಾಳದಲ್ಲಿ ಇರುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಹೊಳ್ಳೆಯಿಂದ ರಕ್ತ ಬಂದರೆ ಶ್ವಾಸಕೋಶವನ್ನು ದೂರುವ ಮೊದಲು ಗಟರಲ್ ಪೌಚ್ (ಗಂಟಲ ಪಕ್ಕದ ಗಾಳಿಚೀಲ) ನೋಡಿಸಿ, ಅಲ್ಲಿ ಬೂಷ್ಟು ಹಿಡಿದು ದೊಡ್ಡ ರಕ್ತನಾಳ ಕೊರೆದಿದ್ದರೆ ಅದು ಪ್ರಾಣಕ್ಕೇ ಬರುತ್ತದೆ.

ಪ್ರತಿ ಸ್ಕೋಪ್ ನೋಟ್‌ಬುಕ್‌ಗೆ: ದಿನಾಂಕ, ದೂರ, ಸಮಯ, ಗ್ರೇಡ್, ಹಾಸು ಯಾವುದು, ಹುಲ್ಲು ಯಾವುದು, ಬೆಳಗಿನ ಚಳಿ ಎಷ್ಟು. ಡಿಸೆಂಬರ್, ಜನವರಿಯ ತಣ್ಣನೆ ಬೆಳಗಿನಲ್ಲೂ, ಟ್ರ್ಯಾಕ್ ಗಟ್ಟಿಯಾದಾಗಲೂ ಗ್ರೇಡ್ ಏರುವುದು ಈ ಪುಸ್ತಕದಿಂದಲೇ ಗೊತ್ತಾದದ್ದು.

ದುಡ್ಡು ಹಾಳಾದ ಕಡೆಗಳನ್ನೂ ಹೇಳಬೇಕಲ್ಲ. ಟ್ರಾನೆಕ್ಸಾಮಿಕ್ ಆಸಿಡ್, ಹೀಮೋಕೊಆಗ್ಯುಲೇಸ್, ವಿಟಮಿನ್ ಕೆ, ವಿಟಮಿನ್ ಸಿ ಎಲ್ಲವೂ ಒಂದು ಸುತ್ತು ಆಯಿತು. ಒಂದು ಸೀಸನ್‌ಗೆ ಎಪ್ಪತ್ತು, ಎಂಬತ್ತು ಸಾವಿರ ಹೋಗಿರಬೇಕು. ನೋಟ್‌ಬುಕ್‌ನಲ್ಲಿ ಗೆರೆ ಅಲುಗಲಿಲ್ಲ. ಅಲುಗುವುದೂ ಇಲ್ಲ, ಏಕೆಂದರೆ ರಕ್ತ ಹೆಪ್ಪುಗಟ್ಟುವುದರಲ್ಲಿ ಈ ಕುದುರೆಗಳಿಗೆ ದೋಷವೇ ಇಲ್ಲ. ತೊಂದರೆ ಇರುವುದು ಒತ್ತಡದಲ್ಲಿ. ಪೈಪು ಒಡೆದಿದ್ದಕ್ಕೆ ನೀರನ್ನು ಗಟ್ಟಿ ಮಾಡಲು ಹೊರಟ ಹಾಗೆ. ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಫ್ಯೂರೋಸಮೈಡ್ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ವರ್ಕ್‌ಗೆ ನಾಲ್ಕು ಗಂಟೆ ಮುಂಚೆ ರಕ್ತನಾಳಕ್ಕೆ 250 ಮಿಗ್ರಾಂ, ಅಂದರೆ ಮಿಲಿಗೆ 50 ಮಿಗ್ರಾಂ ಇರುವ ವಯಲ್‌ನಲ್ಲಿ 5 ಮಿಲಿ, ವೆಟ್ ಕೈಯಲ್ಲೇ. ಕುದುರೆ ಹತ್ತು ಕಿಲೋ ಮೂತ್ರದಲ್ಲಿ ಇಳಿಸುತ್ತದೆ, ಜೊತೆಗೆ ಪೊಟ್ಯಾಸಿಯಂ, ಕ್ಲೋರೈಡೂ ಹೋಗುತ್ತವೆ. ಎಲೆಕ್ಟ್ರೋಲೈಟ್ ತುಂಬಿಸದಿದ್ದರೆ ಮೂರನೇ ವಾರಕ್ಕೆ ಮೈ ಹಿಡಿದುಕೊಳ್ಳುತ್ತದೆ. ಆದರೆ ಅಮೆರಿಕದ ಹಲವು ಓಟಗಳಲ್ಲಿರುವ ಹಾಗೆ ನಮ್ಮಲ್ಲಿ ರೇಸ್ ದಿನ ಅದಕ್ಕೆ ಅವಕಾಶವಿಲ್ಲ. ಬೆಳಗಿನ ವರ್ಕ್‌ನಲ್ಲೆಲ್ಲ ಊರುಗೋಲು ಕೊಟ್ಟು, ಪಂದ್ಯದ ದಿನ ಕಿತ್ತುಕೊಂಡರೆ ಏನಾಗುತ್ತದೋ ಅದೇ ಆಗುತ್ತದೆ. ಈಗ ಎರಡು ಕುದುರೆಗೆ ಮಾತ್ರ, ಅದೂ ಗೇಟ್ ಪ್ರಾಕ್ಟೀಸ್ (ಸ್ಟಾರ್ಟಿಂಗ್ ಗೇಟಿನಿಂದ ಹೊರಡುವ ಅಭ್ಯಾಸ) ಇರುವ ದಿನ.

ಸೈಸ್‌ಗಳ (ಕುದುರೆ ನೋಡಿಕೊಳ್ಳುವವರ) ಔಷಧಿಯನ್ನೂ ಬಿಡಲಿಲ್ಲ. ಗರಿಕೆ ರಸ ಎರಡು ವಾರ. ಮನುಷ್ಯನ ಮೂಗಿನ ರಕ್ತಕ್ಕೆ ಅಜ್ಜಿಯರು ಕೊಡುವುದು ಸರಿ, ಇಲ್ಲಿ ರಕ್ತ ಬರುವುದು ಮೂಗಿನಿಂದಲ್ಲ, ಶ್ವಾಸಕೋಶದ ಹಿಂದಿನ ಮೇಲ್ತುದಿಯಿಂದ. ಆಡುಸೋಗೆ ಕಷಾಯದಿಂದ ಕಫ ಸಡಿಲವಾಯಿತು, ಗ್ರೇಡ್ ಹಾಗೇ ಉಳಿಯಿತು. ಎಚ್ಚರ: ಕೆಮ್ಮಿನ ಮಾತ್ರೆ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಆಡುಸೋಗೆಯ ಸತ್ವದಿಂದ. ಸೊಪ್ಪು ತಾನೇ ಎಂದು ರೇಸ್ ಹತ್ತಿರ ಕುಡಿಸಿದರೆ ಡೋಪ್ ಟೆಸ್ಟ್‌ನಲ್ಲಿ ಉತ್ತರ ಹೇಳಬೇಕಾಗುತ್ತದೆ.

ನಿಜವಾದ ಕೆಲಸ ಆದದ್ದು ಗಾಳಿಯಲ್ಲಿ. ದೂಳಿನಿಂದ ಉರಿದಿರುವ ಶ್ವಾಸನಾಳ ಬೇಗ ಒಡೆಯುತ್ತದೆ ಎಂಬುದು ನನ್ನ ಲೆಕ್ಕ. ಭತ್ತದ ಹುಲ್ಲಿನ ಹಾಸು ತೆಗೆದು ಮರದ ಹೊಟ್ಟು ಹಾಕಿದ್ದು ಮೊದಲ ತಪ್ಪು. ಅಗ್ಗಕ್ಕೆ ಸಿಕ್ಕಿತು, ಟಿಂಬರ್ ಯಾರ್ಡ್‌ನಿಂದ ಟೆಂಪೋಗಟ್ಟಲೆ. ಗರಗಸದ ಹೊಟ್ಟು ಹುಲ್ಲಿಗಿಂತ ನುಣುಪು ದೂಳು, ಅದರಲ್ಲಿ ಪ್ಲೈವುಡ್ ಪುಡಿ ಬೇರೆ. ಎರಡು ವಾರದಲ್ಲಿ ಸಾಲಿಗೆ ಸಾಲೇ ಕೆಮ್ಮಿತು. ಬೇಕಾದದ್ದು ಉಜ್ಜುಗೊರಡಿನ ಸುರುಳಿ ಹೊಟ್ಟು, ಕಾಲಿಂಚು ಜರಡಿಯಲ್ಲಿ ಆಡಿಸಿ ಪುಡಿ ಕಳೆದದ್ದು. ಸಿಲ್ವರ್ ಓಕ್ ಸಿಕ್ಕರೆ ಒಳ್ಳೆಯದು. ಅರಸೀಕೆರೆ, ತಿಪಟೂರು ಕಡೆಯ ತೆಂಗಿನ ನಾರಿನ ಪುಡಿಯನ್ನೂ ನಾಲ್ಕು ಬಾಕ್ಸ್‌ನಲ್ಲಿ (ಒಂದೊಂದು ಕುದುರೆ ಕಟ್ಟುವ ಕೋಣೆ) ಹಾಕಿ ನೋಡಿದೆ. ಮೂತ್ರ ಹೀರುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಅಮೋನಿಯಾ ಅರ್ಧಕ್ಕೆ ಇಳಿದ ಹಾಗಿತ್ತು. ಒಣಗಿತೋ, ಕಾಫಿ ಪುಡಿಯ ಹಾಗೆ ಏಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, ಅಷ್ಟು ಕೈ ನಮ್ಮಲ್ಲಿಲ್ಲ. ಈಗ ಕೆಳಗೆ ರಬ್ಬರ್ ಮ್ಯಾಟ್, ಮೂತ್ರ ಬೀಳುವ ಜಾಗದಲ್ಲಿ ನಾರಿನ ಪುಡಿ, ಮೇಲೆ ಸುರುಳಿ ಹೊಟ್ಟು.

ಎರಡನೇ ತಪ್ಪು, ಬ್ಲೀಡರ್‌ನ ಬಾಕ್ಸ್ ಒಂದನ್ನೇ ಬದಲಿಸಿದ್ದು. ಪಕ್ಕದ ಬಾಕ್ಸ್‌ನಲ್ಲಿ ಒಣಹುಲ್ಲು ಕೊಡವಿದರೆ ಗೋಡೆಯ ಮೇಲಿನಿಂದ ದೂಳು ಇಲ್ಲಿಗೇ ಇಳಿಯುತ್ತದೆ. ಎಂಟು ಬಾಕ್ಸ್‌ನ ಒಂದು ಸಾಲನ್ನೇ ಪೂರ್ತಿ ಬದಲಿಸಿ, ಗಾಳಿ ಬರುವ ತುದಿಯಲ್ಲಿ ಬ್ಲೀಡರ್‌ಗಳನ್ನು ಕಟ್ಟಿದ ಮೇಲೆ ನೋಟ್‌ಬುಕ್ ಮೊದಲ ಸಲ ಅಲುಗಿತು. ಸಾಲು ಗುಡಿಸುವುದು ಕುದುರೆಗಳು ಟ್ರ್ಯಾಕ್‌ನಲ್ಲಿರುವಾಗ ಮಾತ್ರ. ನೊಣಕ್ಕೆಂದು ಬೇವಿನ ಸೊಪ್ಪಿನ ಹೊಗೆ, ಶುಕ್ರವಾರದ ಸಾಂಬ್ರಾಣಿ ಎರಡೂ ನಿಂತವು. ಸಾಂಬ್ರಾಣಿ ನಿಲ್ಲಿಸಲು ಹೊಟ್ಟು ಬದಲಿಸಿದ್ದಕ್ಕಿಂತ ಹೆಚ್ಚು ಬಾಯಿ ನೋಯಿಸಿಕೊಳ್ಳಬೇಕಾಯಿತು. ಅಮೋನಿಯಾ ಪರೀಕ್ಷೆಗೆ ಮೀಟರ್ ಬೇಡ. ಬೆಳಗಿನ ನಾಲ್ಕಕ್ಕೆ ಬಾಗಿಲು ತೆರೆಯುವ ಮೊದಲು ಒಳಗೆ ಹೋಗಿ ಮೊಣಕಾಲೂರಿ, ಮೂಗನ್ನು ನೆಲದಿಂದ ಒಂದಡಿ ಎತ್ತರಕ್ಕೆ ತಂದು ಉಸಿರೆಳೆಯಿರಿ. ಕಣ್ಣು ಚುರುಗುಟ್ಟಿದರೆ, ಮಲಗಿದ ಕುದುರೆ ರಾತ್ರಿಯಿಡೀ ಅದನ್ನೇ ಕುಡಿದಿದೆ.

ಇನ್ನು ಹುಲ್ಲು. ಹಸಿ ಕುದುರೆ ಮಸಾಲೆ (ಲೂಸರ್ನ್ ಮೇವು) ವರ್ಷವಿಡೀ ಸಿಗುವುದು ನಮ್ಮ ಪುಣ್ಯ, ಅದರಲ್ಲಿ ದೂಳಿಲ್ಲ. ತೊಂದರೆ ಒಣಹುಲ್ಲಿನದು. ನೆನೆಸುವುದಾದರೆ ಹತ್ತು, ಹದಿನೈದು ನಿಮಿಷ ಸಾಕು. ರಾತ್ರಿಯಿಡೀ ನೆನೆಸಿದರೆ ಸಕ್ಕರೆ, ಖನಿಜ ನೀರಿಗೆ ಹೋಗಿ ಬ್ಯಾಕ್ಟೀರಿಯಾ ಉಳಿಯುತ್ತದೆ, ಹುಳಿ ವಾಸನೆಗೆ ಕುದುರೆ ಮೂಗು ತಿರುಗಿಸುತ್ತದೆ. ಹದಿನೈದು ಕುದುರೆಗೆ ಈ ನೆನೆಸಿದ್ದೇ, ನೆಲದ ಮೇಲೇ, ಒಣಗುವ ಮೊದಲು. ಎತ್ತರಕ್ಕೆ ಬಲೆ ಕಟ್ಟಿ ತಿನ್ನಿಸುವುದು ಬಿಟ್ಟೇಬಿಡಿ.

ಏಳು ಬ್ಲೀಡರ್‌ಗಳಿಗೆ ಹಬೆ. ಆಮದು ಯಂತ್ರದ ಬೆಲೆ ಕೇಳಿ ಸುಮ್ಮನಾಗಿ, ಹೋಟೆಲಿನವರು ಗುಜರಿಗೆ ಹಾಕಿದ್ದ ಇಡ್ಲಿ ಬಾಯ್ಲರ್ ಎಂಟು ಸಾವಿರಕ್ಕೆ ತಂದದ್ದು. ಮೊದಲ ಡಬ್ಬ 500 ಲೀಟರ್ ಪ್ಲಾಸ್ಟಿಕ್ ನೀರಿನ ಟ್ಯಾಂಕ್. ಮೂರನೇ ದಿನ ಮುಚ್ಚಳ ಹಪ್ಪಳದ ಹಾಗೆ ಸೊಟ್ಟಗಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಹಬೆ ಹುಲ್ಲಿನ ಸುತ್ತ ಹರಿದು ಮೇಲೆ ಹೋಗುತ್ತಿತ್ತು, ನಡುವಿನಲ್ಲಿ 60 ಡಿಗ್ರಿ ದಾಟುತ್ತಿರಲಿಲ್ಲ. ಅರೆಬೆಂದ ಹುಲ್ಲು ಒಣಹುಲ್ಲಿಗಿಂತ ಅಪಾಯ, ಬೆಚ್ಚಗೆ, ಒದ್ದೆಯಾಗಿ ಬೂಷ್ಟಿಗೆ ತೊಟ್ಟಿಲು ಕಟ್ಟಿದ ಹಾಗೆ. ಆ ತಿಂಗಳು ಕೆಮ್ಮು ಹೆಚ್ಚಿತು, ನಕ್ಕವರು ಇನ್ನಷ್ಟು ನಕ್ಕರು.

ಈಗಿನದು ಜಿಐ ತಗಡಿನ ಡಬ್ಬ, 3 ಅಡಿ ಉದ್ದ, 2 ಅಗಲ, 2 ಎತ್ತರ, ಹೊರಗೆ ಗ್ಲಾಸ್‌ವೂಲ್, ಅದರ ಮೇಲೆ ಇನ್ನೊಂದು ತಗಡು. ತಳದಿಂದ ಅರ್ಧ ಇಂಚಿನ ಆರು ಪೈಪುಗಳು ಮೊಳೆಯ ಹಾಗೆ ಮೇಲೆದ್ದಿವೆ, ಒಂದೊಂದು ಹದಿನಾಲ್ಕು ಇಂಚು, ತುದಿ ಮುಚ್ಚಿ ಪಕ್ಕದಲ್ಲಿ 3 ಮಿಮೀ ತೂತುಗಳು. ಹುಲ್ಲನ್ನು ಅದರ ಮೇಲೆ ಒತ್ತಿ ಕೂರಿಸಿದರೆ ಹಬೆ ನಡುವಿನಿಂದಲೇ ಹೊರಡುತ್ತದೆ. ಒಂದು ಸಲಕ್ಕೆ ಹತ್ತರಿಂದ ಹನ್ನೆರಡು ಕಿಲೋ, ಒಟ್ಟು ಒಂದು ಗಂಟೆ. ಮುಚ್ಚಳದಲ್ಲಿ ಒಂದಿಂಚಿನ ತೂತು ಸದಾ ತೆರೆದಿರಲಿ, ಬಿಗಿಯಾಗಿ ಮುಚ್ಚಿದರೆ ಅದು ಬಾಂಬು. ಉದ್ದನೆಯ ಕಡ್ಡಿ ಥರ್ಮಾಮೀಟರ್ ನಡುವಿಗೆ ಚುಚ್ಚಿ, 95 ಮುಟ್ಟಿದ ಮೇಲೆ ಹತ್ತು ನಿಮಿಷ. 100 ಬರಲಿಲ್ಲ ಎಂದು ಬಾಯ್ಲರ್ ಬಿಚ್ಚಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97ಕ್ಕೆ. ಹಬೆಯಾಡಿದ ಹುಲ್ಲು ಅದೇ ದಿನ ಮುಗಿಯಬೇಕು, ಮಳೆಗಾಲದಲ್ಲಿ ಮರುದಿನಕ್ಕೆ ಹಳಸುತ್ತದೆ. 19 ಕಿಲೋದ ಒಂದು ಗ್ಯಾಸ್ ಸಿಲಿಂಡರ್ ಒಂಬತ್ತು, ಹತ್ತು ದಿನ ಬರುತ್ತದೆ. ಹಾಸು, ಗ್ಯಾಸ್, ಸ್ಕೋಪ್ ಎಲ್ಲ ಸೇರಿ ಬ್ಲೀಡರ್ ಒಂದಕ್ಕೆ ತಿಂಗಳಿಗೆ ಮೂರೂವರೆ, ನಾಲ್ಕು ಸಾವಿರ ಹೆಚ್ಚು. ಇಂಜೆಕ್ಷನ್ ಬಿಲ್ಲಿಗಿಂತ ಜಾಸ್ತಿ ಏನಲ್ಲ ಎಂದು ಮಾಲೀಕರಿಗೆ ಒಪ್ಪಿಸಬೇಕು, ಅಷ್ಟೇ.

ವರ್ಕ್ ವಿಷಯ ಚುಟುಕಾಗಿ. ಗ್ರೇಡ್ 3 ಬಂದರೆ ಮೂರು ವಾರ ನಡಿಗೆ, ಟ್ರಾಟ್ (ನಿಧಾನದ ಕುಕ್ಕುಲೋಟ) ಮಾತ್ರ. ಮೂಗಿನಲ್ಲಿ ರಕ್ತ ಬಂದರೆ, ರೇಸ್ ಕ್ಲಬ್ಬು ಓಡದಂತೆ ಹಾಕುವ ನಿಷೇಧದ ದಿನ ಎಷ್ಟೇ ಇರಲಿ, ಎರಡು ತಿಂಗಳು ಗ್ಯಾಲಪ್ (ಪೂರ್ತಿ ವೇಗದ ಓಟ) ಇಲ್ಲ. ಆಮೇಲೆ ವೇಗದ ವರ್ಕ್‌ಗಳ ನಡುವೆ ಒಂಬತ್ತು, ಹತ್ತು ದಿನ. ಇನ್ನರ್ ಸ್ಯಾಂಡ್‌ನಲ್ಲಿ (ಒಳಗಿನ ಮರಳು ಟ್ರ್ಯಾಕ್) 600 ಮೀಟರ್ 45 ಸೆಕೆಂಡಿನಲ್ಲಿ ಶುರು, ಎರಡು ಸಲ ಸತತ ಗ್ರೇಡ್ 1 ಬಂದರೆ 43, ಮತ್ತೆರಡು ಬಂದರೆ 41. ಪ್ರತಿ ವರ್ಕ್‌ಗೆ ಮುಂಚೆ ಇಪ್ಪತ್ತು ನಿಮಿಷ ನಡಿಗೆ, ಎರಡು ನಿಧಾನದ ಕ್ಯಾಂಟರ್ (ಗ್ಯಾಲಪ್‌ಗಿಂತ ಮೆಲ್ಲನೆಯ ಓಟ). ತಣ್ಣನೆ ಮೈಯಲ್ಲಿ ಎಳೆದು ಬಿಟ್ಟರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ರೇಸ್‌ಗೆ ಮುಂಚಿನ ಕೊನೆಯ ವರ್ಕ್ ಎಷ್ಟು ದಿನ ಮೊದಲು, ಎಷ್ಟು ಮೀಟರ್ ಎಂಬುದನ್ನು ಮಾತ್ರ ಕೇಳಬೇಡಿ. ಕೊನೆಯ ಮೂರು ಸಂಜೆ ಬೂಸದ ಗಂಜಿಗೆ ಬೀಳುವ ಒಂದು ವಸ್ತುವನ್ನೂ ಕೇಳಬೇಡಿ. ಡೋಪ್‌ಗೆ ಸಂಬಂಧಿಸಿದ್ದಲ್ಲ, ಅಡುಗೆಮನೆಯದೇ.

ಮೂಗಿನ ಪಟ್ಟಿ (ಉಸಿರಿನ ದಾರಿ ಕುಸಿಯದಂತೆ ಮೂಗಿನ ಮೇಲೆ ಅಂಟಿಸುವುದು) ಗ್ಯಾಲಪ್‌ಗೆ ಹಾಕುತ್ತೇವೆ. ಹೊಳ್ಳೆಯ ಮೇಲ್ತುದಿಯಿಂದ ಎರಡು ಬೆರಳು ಮೇಲೆ, ಸ್ಪಿರಿಟ್‌ನಲ್ಲಿ ಒರೆಸಿ, ಬೆವರುವ ಮೊದಲೇ. ಒದ್ದೆಯಾದರೆ ಅರ್ಧ ದಾರಿಯಲ್ಲೇ ಕಿತ್ತು ಹಾರುತ್ತದೆ. ಅರ್ಧ ಗ್ರೇಡ್ ಇಳಿಸುತ್ತದೆ ಎನ್ನಿಸಿದೆ, ಬೆಲೆಗೆ ತಕ್ಕದ್ದೋ ಎಂದರೆ ಮಾಲೀಕರನ್ನು ಕೇಳಿ.

ಸುಧಾರಿಸದ ಎರಡು ಕುದುರೆಗಳ ಕತೆ ಬೇರೆ. ಒಂದು ರೋರರ್, ಗಂಟಲಿನ ಎಡಭಾಗ ತೆರೆಯುವುದೇ ಇಲ್ಲ. ಅಲ್ಲಿ ಉಸಿರು ಸಿಕ್ಕಿಕೊಂಡರೆ ಎದೆಯೊಳಗಿನ ಎಳೆತ ಹೆಚ್ಚಿ ಲೋಮನಾಳ ಒಡೆಯುತ್ತದೆ, ಹುಲ್ಲಿನ ಹಬೆ ಏನು ಮಾಡೀತು? ಇನ್ನೊಂದಕ್ಕೆ ಹೃದಯದ ಬಡಿತ ತಾಳ ತಪ್ಪಿತ್ತು. ಆರು ತಿಂಗಳು ಹೊಟ್ಟು ಜರಡಿ ಆಡಿದ ಮೇಲೆ ಇಸಿಜಿ ಮಾಡಿಸಿದ್ದು ಬುದ್ಧಿಗೇಡಿತನ, ಮೊದಲ ವಾರವೇ ಮಾಡಿಸಬೇಕಿತ್ತು.

ಮೈಸೂರು ಸೀಸನ್‌ಗೆ ಕುದುರೆ ಸಾಗಿಸುವವರಿಗೆ ಒಂದು ಮಾತು: ಲಾರಿಯಲ್ಲಿ ಹಗ್ಗ ಬಿಗಿಯಾಗಿ ಎತ್ತರಕ್ಕೆ ಕಟ್ಟಬೇಡಿ. ತಲೆ ತಗ್ಗಿಸಲಾಗದಿದ್ದರೆ ಶ್ವಾಸನಾಳದ ಕೊಳೆ ಕೆಳಗೇ ಉಳಿಯುತ್ತದೆ. ಮದ್ದೂರಿನಲ್ಲಿ ನೀವು ವಡೆ ತಿನ್ನಲು ನಿಲ್ಲಿಸುವಾಗ ಹಗ್ಗ ಬಿಚ್ಚಿ, ನೆಲದ ಮಟ್ಟಕ್ಕೆ ಒದ್ದೆ ಕುದುರೆ ಮಸಾಲೆ ಹಾಕಿ ಇಪ್ಪತ್ತು ನಿಮಿಷ ಬಿಡಿ. ಇಳಿದ ದಿನವೂ ಮರುದಿನವೂ ವರ್ಕ್ ಬೇಡ. ಮೂರನೇ ದಿನ ಕ್ಯಾಂಟರ್, ಸ್ಕೋಪ್, ನೋಟ್‌ಬುಕ್.