ಹಳೆ ಅಂಬಾಸಡರ್‌ಗೆ ಡಿಸ್ಕ್ ಬ್ರೇಕ್ ಹಾಕಿಸುವ ಮುನ್ನ

ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಹಳೆ ಅಂಬಾಸಡರ್‌ನ ಬ್ರೇಕ್ ಪೆಡಲ್ ಒಂದೊಂದು ತಿರುವಿಗೂ ಇನ್ನಷ್ಟು ಕೆಳಗೆ ಹೋಗುತ್ತದೆ. ಚಕ್ರದ ಜೊತೆ ತಿರುಗುವ ಡ್ರಮ್ ಕಾದು ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳಿಂದ ದೂರ ಸರಿಯುತ್ತದೆ, ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನರ್‌ನ ಹಿಡಿತವೂ ಕುಗ್ಗುತ್ತದೆ. ಡಿಸ್ಕ್ ಬ್ರೇಕ್‌ನಲ್ಲಿ ಎರಡು ಬದಿಯಿಂದ ಪ್ಯಾಡ್‌ಗಳು ಹಿಡಿಯುವ ತಟ್ಟೆ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿ, ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಈ ಕಾರಿನ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದದ್ದು ನಂತರದ ಮಾದರಿಗಳಲ್ಲಿ.

ಮೊದಲು ಇರುವ ಡ್ರಮ್ಮನ್ನೇ ಸರಿಮಾಡಿ. ಕಾರನ್ನು ಜ್ಯಾಕ್ ಮೇಲಷ್ಟೇ ಬಿಡಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಹಳೆ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಧೂಳನ್ನು ಏರ್ ಹೊಡೆದು ಹಾರಿಸಲೇಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಕವರ್ ಎತ್ತಿ ನೋಡಿ. ಒಳಗೆ ಬ್ರೇಕ್ ಆಯಿಲ್ ಪಸೆ ಕಂಡರೆ ಸಿಲಿಂಡರ್ ಸೋರುತ್ತಿದೆ ಎಂದೇ ಅರ್ಥ. ಡ್ರಮ್ಮನ್ನು ಲೇತ್‌ಗೆ ಕೊಟ್ಟರೆ ಎಡ-ಬಲ ಎರಡನ್ನೂ ಒಂದೇ ಅಳತೆಗೆ ಕಡೆಯಿಸಿ, ಇಲ್ಲದಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ. ಊರೊಳಗೆ ಮಾತ್ರ ಓಡಿಸುವವರಿಗೆ ಇಷ್ಟೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನೂ ಖರ್ಚು ಮಾಡುವ ಶಕ್ತಿ ಇದ್ದರೆ, ಮೊದಲ ದುಡ್ಡು ಡಿಸ್ಕ್‌ಗಲ್ಲ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಹೋಗಲಿ. ಹಳೆಯದರಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ಹೋಸ್ ಒಡೆದರೆ ಇಡೀ ಬ್ರೇಕ್ ಹೋಯಿತು. ಟ್ಯಾಂಡಮ್ (ಒಂದರಲ್ಲೇ ಎರಡು ಭಾಗವಿರುವ) ಸಿಲಿಂಡರ್ ಹಾಕಿ ಮುಂದಿನದು, ಹಿಂದಿನದು ಬೇರೆ ಬೇರೆ ಮಾಡಿದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ.

ಆಮೇಲೆ ಮುಂದಿನ ಡಿಸ್ಕ್. ಅದೇ ಕಾರಿನ ನಂತರದ ಮಾದರಿಯ ಹಬ್ (ಚಕ್ರ ಕೂರುವ ಭಾಗ), ಡಿಸ್ಕ್, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಮೂರೂ ಒಟ್ಟಿಗೆ ಸಿಕ್ಕರೆ ಒಳ್ಳೆಯದು, ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ. ಬ್ರಾಕೆಟ್ ವೆಲ್ಡ್ ಮಾಡಿ ಹೊಂದಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಚಕ್ರ ಕೂರಿಸಿ ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ರಿಮ್ ಎಲ್ಲೂ ಕ್ಯಾಲಿಪರ್‌ಗೆ ತಾಗಬಾರದು.

ಡ್ರಮ್‌ನಲ್ಲಿ ಚಕ್ರದ ತಿರುಗುವಿಕೆಯೇ ಶೂವನ್ನು ಒಳಗೆಳೆದು ಬಿಗಿಮಾಡುತ್ತದೆ. ಡಿಸ್ಕ್‌ಗೆ ಆ ಸಹಾಯವಿಲ್ಲ, ಕಾಲಿನ ಒತ್ತಡ ಹೆಚ್ಚು ಬೇಕು. ಅದಕ್ಕೇ ವ್ಯಾಕ್ಯೂಮ್‌ನ ಬಲದಿಂದ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್. ಪೆಟ್ರೋಲ್ ಎಂಜಿನ್ ಆದರೆ ಮ್ಯಾನಿಫೋಲ್ಡ್‌ನಿಂದಲೇ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲ್‌ಗೆ ಬೇರೆ ಪಂಪ್ ಬೇಕು. ಡ್ರಮ್‌ಗೆಂದು ಲೈನಿನಲ್ಲಿ ಸದಾ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇದ್ದರೆ ಅದು ಹಿಂದಿನ ಲೈನಿಗೆ ಮಾತ್ರ ಇರಲಿ. ಮುಂದಿನದರಲ್ಲೂ ಉಳಿದರೆ ಪ್ಯಾಡ್ ಡಿಸ್ಕ್‌ಗೆ ಉಜ್ಜಿಕೊಂಡೇ ಇರುತ್ತದೆ.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದು, ಹೊಸ ಡಬ್ಬಿಯದು ಇರಲಿ. ಸಿಲಿಕೋನ್‌ನ ಡಾಟ್ 5 ಇವುಗಳ ಜೊತೆ ಬೆರೆಯದು. ಲೈನಿನೊಳಗಿನ ಏರ್ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್‌ಗೆ (ಏರ್ ಬಿಡುವ ಸಣ್ಣ ತಿರುಪಿಗೆ) ಪಾರದರ್ಶಕ ಪೈಪ್ ಹಾಕಿ ಸಡಿಲಿಸಬೇಕು, ಅದನ್ನು ಬಿಗಿದ ಮೇಲೆಯೇ ಮೊದಲನೆಯವರು ಪೆಡಲ್ ಬಿಡಬೇಕು. ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರುಮಾಡಿ, ಆ ಪೈಪಿನಲ್ಲಿ ಸಣ್ಣ ಗುಳ್ಳೆಯೂ ಬಾರದಾಗುವವರೆಗೆ ಮುಂದುವರಿಸಿ. ಬಾಡಿ ಮೇಲೆ ಆಯಿಲ್ ಬಿದ್ದರೆ ಪೇಂಟ್ ಏಳುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಖಾಲಿ ರಸ್ತೆಯಲ್ಲಿ ನಿಧಾನ ವೇಗದಿಂದ ಹಲವು ಸಲ ಹದವಾಗಿ ಬ್ರೇಕ್ ಹಾಕಿ ಹೊಸ ಪ್ಯಾಡ್ ಕೂರಲು ಬಿಡಿ. ವಾಪಸ್ ಬಂದೊಡನೆ ಪ್ರತಿ ಜಾಯಿಂಟ್‌ಗೂ ಬೆರಳಾಡಿಸಿ ಪಸೆ ನೋಡಿ, ಆಯಿಲ್ ಮಟ್ಟವನ್ನು ಗುರುತು ಮಾಡಿಟ್ಟು ಮರುದಿನ ಬೆಳಿಗ್ಗೆ ಮತ್ತೊಮ್ಮೆ ಹೋಲಿಸಿ.